ಬೆನ್ನು ತಿರುಗಿಸಿದ ಕುರ್ಚಿ

ಎಡ್ವರ್ಡ್ ಮುಂಕ್ ಎಂಬ ಹೆಸರು ಕೇಳಿದೊಡನೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು 'ಚೀತ್ಕಾರ'. ಕೆಂಪಡರಿದ ಆಕಾಶದಡಿಯಲ್ಲಿ ಮುಖವನ್ನು ಎರಡೂ ಕೈಗಳಿಂದ ಒತ್ತಿಹಿಡಿದು ಬಾಯ್ದೆರೆದು ನಿಂತ ಆ ಆಕೃತಿಯನ್ನು ಕಾಣದವರು ವಿರಳ. ಅದನ್ನು ಬರೆದ 1893ನೆಯ ಇಸವಿಯಲ್ಲೇ ನಾರ್ವೆಯ ಈ ಕಲಾವಿದ ಇನ್ನೊಂದು ಚಿತ್ರವನ್ನೂ ಬರೆದ. ಅದರ ಹೆಸರು 'ರೋಗಿಯ ಕೋಣೆಯಲ್ಲಿ ಸಾವು'. ಇದರಲ್ಲಿ ಯಾರೂ ಕೂಗುವುದಿಲ್ಲ, ಯಾರೂ ಎದೆ ಬಡಿದುಕೊಳ್ಳುವುದಿಲ್ಲ, ಯಾರ ಕೆನ್ನೆಯ ಮೇಲೂ ಕಣ್ಣೀರು ಹರಿಯುವುದಿಲ್ಲ. ಸಾಯುತ್ತಿರುವವಳ ಮುಖ ಕೂಡ ಕಾಣುವುದಿಲ್ಲ. ಸಂಕೇತವಾದ, ಅಂದರೆ ಒಳಗಿನ ಭಾವವನ್ನು ನೇರವಾಗಿ ಹೇಳದೆ ಸಂಕೇತಗಳಿಂದ ಸೂಚಿಸುವ ಸಿಂಬಾಲಿಸಂ ಪಂಥ, ಯುರೋಪಿನಲ್ಲಿ ಶೋಕವನ್ನು ಕುರಿತು ಬರೆಯಿಸಿದ ಚಿತ್ರಗಳು ಹಲವಿದ್ದರೂ ನನ್ನನ್ನು ಮತ್ತೆ ಮತ್ತೆ ತನ್ನೆದುರು ನಿಲ್ಲಿಸುವುದು ಇದೊಂದೇ. ಓಸ್ಲೋ ನಗರಕ್ಕೆ ಹೋಗಿ ಮೂಲಚಿತ್ರವನ್ನು ನೋಡುವ ಭಾಗ್ಯ ನನಗಿನ್ನೂ ಕೂಡಿಬಂದಿಲ್ಲ. ಅಚ್ಚಾದ ಪ್ರತಿಗಳಲ್ಲೂ ಪರದೆಯ ಮೇಲೂ ನೋಡಿದ್ದನ್ನು ನೆಚ್ಚಿಕೊಂಡೇ ಈ ಬರಹ.

ಕಣ್ಣಿಗೆ ಬೀಳುವುದನ್ನು ಮೊದಲು ಹೇಳಿಬಿಡುತ್ತೇನೆ. ಹಸಿರು ಗೋಡೆಗಳ ಒಂದು ಕೋಣೆ. ಕೆಂಪು ಬೆರೆತ ಕಂದುಬಣ್ಣದ ನೆಲ ನೋಡುವವರ ಕಾಲಬುಡದಿಂದಲೇ ಹೊರಟು ಹಿಂದಿನ ಗೋಡೆಯತ್ತ ಏರಿಹೋಗುವಂತೆ ಓರೆಯಾಗಿದೆ. ಹಿಂಭಾಗದಲ್ಲಿ, ಬಲಕ್ಕೆ, ಒಂದು ಮಂಚವಿದೆ. ಅದರ ಬಳಿ ಔಷಧದ ಸೀಸೆಗಳಿವೆ. ಮಂಚದಡಿಯಲ್ಲಿ ಏಳಲಾರದ ರೋಗಿಗೆಂದು ಇರಿಸಿದ ಪಾತ್ರೆಯೊಂದಿದೆ. ಮಂಚದ ಹತ್ತಿರ ಎತ್ತರವಾದ ಬೆನ್ನಿನ ಬೆತ್ತದ ಕುರ್ಚಿ ನಮಗೆ ಬೆನ್ನು ಮಾಡಿಕೊಂಡಿದೆ. ಅದರಲ್ಲಿ ಒಬ್ಬ ಹುಡುಗಿ ಕೂತಿದ್ದಾಳೆಂಬುದನ್ನು ನಾವು ಸುತ್ತಲಿನವರ ನಿಲುವಿನಿಂದಲೇ ತಿಳಿಯಬೇಕು. ಕುರ್ಚಿಯ ಪಕ್ಕದಲ್ಲಿ ಗಡ್ಡದ ಹಿರಿಯರೊಬ್ಬರು ಕೈಜೋಡಿಸಿ ನಿಂತಿದ್ದಾರೆ. ಕಪ್ಪು ಉಡುಪಿನ ಹೆಂಗಸೊಬ್ಬರು ಕುರ್ಚಿಯ ಬೆನ್ನಿಗೆ ಕೈಯಿಟ್ಟು ಬಾಗಿದ್ದಾರೆ. ಇವರಿಂದ ದೂರವಾಗಿ, ನಮಗೆ ಹತ್ತಿರದಲ್ಲಿ, ಮೂವರ ಒಂದು ಗುಂಪಿದೆ: ತಲೆತಗ್ಗಿಸಿ ಮಡಿಲಲ್ಲಿ ಕೈಸೇರಿಸಿ ಕೂತ ಒಬ್ಬ ಯುವತಿ, ಬಿಳಿಚಿದ ಮುಖವನ್ನು ನೇರವಾಗಿ ನಮ್ಮತ್ತ ತಿರುಗಿಸಿ ನಿಂತ ಇನ್ನೊಬ್ಬಳು, ಅವಳ ಹಿಂದೆ ಕುರ್ಚಿಯತ್ತ ಮುಖಮಾಡಿದ ಒಬ್ಬ ಯುವಕ. ಎಡತುದಿಯಲ್ಲಿ, ಬಾಗಿಲ ಕಡೆಗೆ, ಮತ್ತೊಬ್ಬ ತರುಣ ಒಂಟಿಯಾಗಿದ್ದಾನೆ.

ಇವರೆಲ್ಲ ಮುಂಕ್‌ನ ಮನೆಯವರು. ಕುರ್ಚಿಯಲ್ಲಿರುವವಳು ಅಕ್ಕ ಸೋಫಿ. ಅವಳು 1877ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡಳು. ಅದಕ್ಕೆ ಒಂಬತ್ತು ವರ್ಷಗಳ ಹಿಂದೆ, 1868ರಲ್ಲಿ, ತಾಯಿಯನ್ನು ಬಲಿತೆಗೆದುಕೊಂಡದ್ದೂ ಅದೇ ಕಾಯಿಲೆ. ಆಗ ಎಡ್ವರ್ಡ್‌ಗೆ ಐದು ವರ್ಷ. ತಾಯಿ ಹೋದಮೇಲೆ ಮನೆಯನ್ನೂ ಐದು ಮಕ್ಕಳನ್ನೂ ನೋಡಿಕೊಂಡವರು ಚಿಕ್ಕಮ್ಮ ಕಾರೆನ್; ಕುರ್ಚಿಗೆ ಕೈಯಿಟ್ಟು ಬಾಗಿರುವವರು ಅವರೇ. ಕೈಜೋಡಿಸಿ ನಿಂತವರು ತಂದೆ ಕ್ರಿಶ್ಚಿಯನ್ ಮುಂಕ್. ಅವರು ಸೈನ್ಯದ ವೈದ್ಯರು, ಜೊತೆಗೆ ಕಟ್ಟಾ ದೈವಭಕ್ತರು. ಕೂತಿರುವವಳು ತಂಗಿ ಲಾರಾ, ನಮ್ಮನ್ನು ನೋಡುತ್ತಿರುವವಳು ಕಿರಿಯ ತಂಗಿ ಇಂಗರ್, ಹಿಂದೆ ನಿಂತ ಯುವಕ ಎಡ್ವರ್ಡ್, ಬಾಗಿಲ ಬಳಿ ಇರುವವನು ತಮ್ಮ ಆಂದ್ರೆಯಾಸ್ ಎಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ.

ಇಷ್ಟು ತಿಳಿದುಕೊಂಡು ಮತ್ತೊಮ್ಮೆ ಚಿತ್ರವನ್ನು ನೋಡಿದಾಗ ಲೆಕ್ಕ ತಪ್ಪುತ್ತದೆ. ಸೋಫಿ ತೀರಿಕೊಂಡಾಗ ಇಂಗರ್‌ಗೆ ಒಂಬತ್ತು ವರ್ಷ, ಲಾರಾಗೆ ಹತ್ತು, ಆಂದ್ರೆಯಾಸ್‌ಗೆ ಹನ್ನೆರಡು, ಎಡ್ವರ್ಡ್‌ಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ಚಿತ್ರದಲ್ಲಿ ಮಕ್ಕಳೇ ಇಲ್ಲ. ಇಲ್ಲಿರುವ ಇಂಗರ್ ಇಪ್ಪತ್ತೈದರ ಹೆಣ್ಣು, ಎಡ್ವರ್ಡ್ ಮೂವತ್ತರ ಹೊಸ್ತಿಲಲ್ಲಿರುವ ಗಂಡಸು. ಅಂದರೆ ಹದಿನಾರು ವರ್ಷ ಹಿಂದೆ ನಡೆದ ಸಾವಿನ ಸುತ್ತ ಮುಂಕ್ ತನ್ನ ಒಡಹುಟ್ಟಿದವರನ್ನು 1893ರಲ್ಲಿ ಅವರಿದ್ದ ವಯಸ್ಸಿನಲ್ಲೇ ನಿಲ್ಲಿಸಿದ್ದಾನೆ. ಅಷ್ಟೇ ಅಲ್ಲ, ಪ್ರಾರ್ಥಿಸುತ್ತಿರುವ ತಂದೆ 1889ರಲ್ಲೇ ತೀರಿಕೊಂಡಿದ್ದರು. ಆಗ ಫ್ರಾನ್ಸಿನಲ್ಲಿದ್ದ ಮಗನಿಗೆ ಅಂತ್ಯಸಂಸ್ಕಾರಕ್ಕೆ ಬರಲೂ ಆಗಿರಲಿಲ್ಲ. ಆ ತಂದೆಯೂ ಈ ಕೋಣೆಯಲ್ಲಿದ್ದಾರೆ.

ನನ್ನ ಮಟ್ಟಿಗೆ ಈ ಚಿತ್ರದ ಬೀಗದ ಕೈ ಇರುವುದು ಇಲ್ಲಿ. ತಾನು ಕಾಣುವುದನ್ನಲ್ಲ, ಕಂಡದ್ದನ್ನು ಬರೆಯುತ್ತೇನೆ ಎಂಬ ಮುಂಕ್‌ನ ಮಾತು ಪ್ರಸಿದ್ಧವಾಗಿದೆ. ಆದರೆ ಈ ಚಿತ್ರದಲ್ಲಿರುವುದು ಅವನು ಕಂಡದ್ದೂ ಅಲ್ಲ. ಇಷ್ಟು ವಯಸ್ಸಿನ ಇಷ್ಟು ಜನ ಆ ಕುರ್ಚಿಯ ಸುತ್ತ ಒಂದು ದಿನವೂ ಸೇರಿರಲಿಲ್ಲ, ಸೇರುವುದು ಸಾಧ್ಯವೂ ಇರಲಿಲ್ಲ. ಅವನು ಬರೆದದ್ದು ಸೋಫಿ ಸತ್ತ ದಿನವನ್ನಲ್ಲ. ಸತ್ತ ಮೇಲೆ ಆ ಮನೆಯವರೆಲ್ಲ ಬೆಳೆಯುತ್ತ, ದೂರವಾಗುತ್ತ, ಕೆಲವರು ಕಣ್ಮರೆಯಾಗುತ್ತ, ಆದರೂ ಮನಸ್ಸಿನಲ್ಲಿ ಆ ಕೋಣೆಯಿಂದ ಹೊರಬರಲಾರದೆ ಉಳಿದ ಹದಿನಾರು ವರ್ಷಗಳನ್ನು. ಚಿತ್ರದ ಹೆಸರಿನಲ್ಲಿ ಸಾವು ಎಂದಿದೆ, ಆದರೆ ಒಳಗಿರುವುದು ಶೋಕ. ಸಾವಿಗೆ ಒಂದು ತಾರೀಖಿರುತ್ತದೆ. ಈ ಚಿತ್ರದಲ್ಲಿ ಬೇರೆ ಬೇರೆ ತಾರೀಖುಗಳು ಒಂದೇ ನೆಲದ ಮೇಲೆ ನಿಂತಿವೆ.

ಆ ಕಾಲದ ಇತರ ಸಂಕೇತವಾದಿ ಕಲಾವಿದರು ಸಾವನ್ನು ಚಿತ್ರಿಸಿದ ರೀತಿ ಬೇರೆ. ಕಾರ್ಲೋಸ್ ಶ್ವಾಬ್ ಹಿಮ ಮುಸುಕಿದ ಸ್ಮಶಾನದಲ್ಲಿ, ತಾನೇ ತೋಡಿದ ಗುಂಡಿಯೊಳಗೆ ನಿಂತ ಮುದುಕನ ಮೇಲುಗಡೆ, ಗುಂಡಿಯ ಅಂಚಿನಲ್ಲಿ, ಕತ್ತಿಯಲಗಿನಂಥ ರೆಕ್ಕೆಗಳ ದೇವದೂತೆಯನ್ನು ಕೂರಿಸಿದ. ಆರ್ನಾಲ್ಡ್ ಬ್ಯೋಕ್ಲಿನ್ 1880ರಿಂದ 1886ರವರೆಗೆ ಐದು ಬಾರಿ ಬರೆದ 'ಸತ್ತವರ ದ್ವೀಪ'ದಲ್ಲಿ ಕಪ್ಪು ಸೈಪ್ರೆಸ್ ಮರಗಳಿವೆ, ಬಂಡೆಯಲ್ಲಿ ಕೊರೆದ ಗೋರಿಗಳಿವೆ, ಶವಪೆಟ್ಟಿಗೆಯೊಡನೆ ದೋಣಿಯಲ್ಲಿ ಸಾಗುವ ಬಿಳಿಯುಡುಗೆಯ ಆಕೃತಿಯಿದೆ. ಬ್ಯೋಕ್ಲಿನ್‌ನ ಚಿತ್ರ ನನಗೆ ಬಹಳ ಪ್ರಿಯವಾದದ್ದು. ಗಂಡನನ್ನು ಕಳೆದುಕೊಂಡ ಮಹಿಳೆಯೊಬ್ಬಳ ಕೋರಿಕೆಯ ಮೇರೆಗೆ ಆ ಪೆಟ್ಟಿಗೆಯೂ ಆ ಆಕೃತಿಯೂ ಚಿತ್ರಕ್ಕೆ ಸೇರಿದವೆಂದು ತಿಳಿದಮೇಲಂತೂ ಅದರ ಮೌನ ಇನ್ನಷ್ಟು ಹತ್ತಿರವಾಗಿದೆ. ಆದರೂ ಅಲ್ಲಿ ಸಂಕೇತಗಳು ಸಂಕೇತಗಳಾಗಿಯೇ ಕಾಣುತ್ತವೆ. ಸೈಪ್ರೆಸ್ ಎಂದರೆ ಸ್ಮಶಾನ, ದೋಣಿಯೆಂದರೆ ಕೊನೆಯ ಪಯಣ ಎಂಬುದನ್ನು ಯುರೋಪಿನ ಓದುಗ ಗ್ರೀಕರ ಕಾಲದಿಂದ ಬಲ್ಲ.

ಮುಂಕ್‌ನ ಕೋಣೆಯಲ್ಲಿ ಅಂಥದ್ದೇನೂ ಇಲ್ಲ. ಕಾಯಿಲೆ, ಹುಚ್ಚು ಮತ್ತು ಸಾವು ತನ್ನ ತೊಟ್ಟಿಲನ್ನು ಕಾದ ಕರಿಯ ದೇವದೂತರು ಎಂದು ಬರೆದುಕೊಂಡವನು ಇವನೇ. ಅವನ ಬಗ್ಗೆ ಬರೆಯುವವರೆಲ್ಲ ಆ ವಾಕ್ಯವನ್ನು ಉಲ್ಲೇಖಿಸುತ್ತಾರೆ. ಆದರೆ ಕುಂಚ ಹಿಡಿದು ಮನೆಯ ಸಾವನ್ನೇ ಬರೆಯಲು ಕೂತಾಗ ಅವನು ಒಬ್ಬ ದೇವದೂತನನ್ನೂ ಒಳಗೆ ಬಿಡಲಿಲ್ಲ. ಮಂಚ, ಸೀಸೆ, ಪಾತ್ರೆ, ಕುರ್ಚಿ: ಯಾವ ರೋಗಿಯ ಕೋಣೆಯಲ್ಲೂ ಇರುವ ವಸ್ತುಗಳಷ್ಟೇ ಇಲ್ಲಿವೆ. ಹಾಗಿದ್ದರೆ ಇದನ್ನು ಸಂಕೇತವಾದಿ ಚಿತ್ರವೆಂದು ಏಕೆ ಕರೆಯಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ.

ಫ್ರೆಂಚ್ ಕವಿ ಮಲಾರ್ಮೆ 1891ರ ಒಂದು ಸಂದರ್ಶನದಲ್ಲಿ, ವಸ್ತುವನ್ನು ಹೆಸರಿಸಿಬಿಟ್ಟರೆ ಕವಿತೆಯ ಸುಖದಲ್ಲಿ ಮುಕ್ಕಾಲು ಪಾಲು ಹೋಗಿಬಿಡುತ್ತದೆ, ಸೂಚಿಸುವುದೇ ಕಾವ್ಯದ ಗುರಿ ಎಂಬರ್ಥದ ಮಾತನ್ನಾಡಿದ್ದ. ಧ್ವನಿಯೇ, ಅಂದರೆ ಸೂಚಿತವಾಗುವ ಅರ್ಥವೇ, ಕಾವ್ಯದ ಆತ್ಮವೆಂದ ಆನಂದವರ್ಧನನನ್ನು ಓದಿಕೊಂಡು ಬಂದ ನಮಗೆ ಈ ಮಾತು ಹೊಸದೆನಿಸುವುದಿಲ್ಲ. ಅದೇ ದಾರಿಯಲ್ಲಿ ನಡೆದು ಈ ಚಿತ್ರವನ್ನು ನೋಡುವುದು ನನಗೆ ಸಹಜವಾಗಿದೆ. ಕುರ್ಚಿಯ ವಾಚ್ಯಾರ್ಥ ಕುರ್ಚಿಯೇ. ಅದು ಬೆನ್ನು ತಿರುಗಿಸಿಕೊಂಡಿರುವುದರಿಂದ ಹೊರಡುವ ಅರ್ಥ ಬೇರೆ. ಸಾಯುವವರು ನಮಗೆ ಬೆನ್ನು ಮಾಡಿಯಾಗಿರುತ್ತದೆ. ಅವರು ಏನನ್ನು ನೋಡುತ್ತಿದ್ದಾರೆಂಬುದು ಉಳಿದವರಿಗೆ ಗೊತ್ತಾಗುವುದಿಲ್ಲ. ಹದಿನಾರು ವರ್ಷಗಳ ನಂತರ ಮುಖವೇ ಮಸುಕಾಗಿ, ಅವರು ಕೂತಿದ್ದ ಜಾಗವಷ್ಟೇ ಖಚಿತವಾಗಿ ನೆನಪಿರುತ್ತದೆ. ಇವುಗಳಲ್ಲಿ ಇದೇ ಸರಿಯೆಂದು ಆರಿಸಿಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಬೆತ್ತದ ಹೆಣಿಗೆಯ ಆ ಬೆನ್ನು ಎಲ್ಲವನ್ನೂ ಒಟ್ಟಿಗೆ ಹೊತ್ತುಕೊಂಡಿದೆ, ಯಾವುದನ್ನೂ ಬಾಯಿಬಿಟ್ಟು ಹೇಳಿಲ್ಲ.

ಕರುಣರಸಕ್ಕೆ ನಾಟ್ಯಶಾಸ್ತ್ರದಲ್ಲಿ ಭರತ ಹೇಳುವ ಲಕ್ಷಣಗಳನ್ನಿಟ್ಟುಕೊಂಡು ನೋಡಿದರೂ ಈ ಚಿತ್ರ ತನ್ನ ಆಯ್ಕೆಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ಒಳಗಿನ ಭಾವ ಮೈಮೇಲೆ ತಾನಾಗಿ ಕಾಣಿಸಿಕೊಳ್ಳುವ ಎಂಟು ಸಾತ್ತ್ವಿಕಭಾವಗಳಲ್ಲಿ ಅಶ್ರುವನ್ನು, ಅಂದರೆ ಕಣ್ಣೀರನ್ನು, ಮುಂಕ್ ಬಿಟ್ಟುಬಿಟ್ಟಿದ್ದಾನೆ. ಅವನು ಹಿಡಿದದ್ದು ಎರಡನ್ನು ಮಾತ್ರ: ಸ್ತಂಭ ಮತ್ತು ವೈವರ್ಣ್ಯ, ಮೈ ಮರಗಟ್ಟುವುದು ಮತ್ತು ಮುಖದ ಬಣ್ಣ ಇಳಿಯುವುದು. ಈ ಎರಡರಿಂದಲೇ ಇಡೀ ಕೋಣೆಯ ಭಾವ ಹುಟ್ಟಿದೆ. ಅಳು ಬಂದವರಿಗೆ ಮಾಡಲು ಒಂದು ಕೆಲಸವಾದರೂ ಇರುತ್ತದೆ. ಇಲ್ಲಿರುವವರಿಗೆ ಅದೂ ಇಲ್ಲ. ನಮ್ಮ ಮನೆಗಳಲ್ಲಿ ಯಾರಾದರೂ ಕೊನೆಯುಸಿರೆಳೆಯುತ್ತಿರುವಾಗ ನಡುಮನೆಯಲ್ಲಿ ನಿಂತ ನೆಂಟರು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕಟ್ಟಿಕೊಳ್ಳುವುದನ್ನೂ ಬಿಡಿಸಿಕೊಳ್ಳುವುದನ್ನೂ ನೋಡಿದವರಿಗೆ ಈ ಚಿತ್ರದ ಕೈಗಳು ಕೂಡಲೇ ಅರ್ಥವಾಗುತ್ತವೆ. ತಂದೆಯ ಕೈ ಪ್ರಾರ್ಥನೆಯಲ್ಲಿದೆ, ಚಿಕ್ಕಮ್ಮನ ಕೈ ಕುರ್ಚಿಯ ಮೇಲಿದೆ, ಲಾರಾಳ ಕೈಗಳು ಒಂದನ್ನೊಂದು ಹಿಡಿದುಕೊಂಡಿವೆ. ಒಬ್ಬರ ಕೈಯೂ ಇನ್ನೊಬ್ಬರನ್ನು ಹಿಡಿದಿಲ್ಲ.

ತಂದೆಯ ಕೈಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅವು ವೈದ್ಯನ ಕೈಗಳು. ಸೀಸೆಗಳು ಹತ್ತಿರದಲ್ಲೇ ಇವೆ, ಆದರೆ ಆ ಕೈಗಳು ಈಗ ಸೀಸೆಯತ್ತ ಹೋಗುವುದಿಲ್ಲ. 1877ರಲ್ಲಿ ಕ್ಷಯ ಯಾವುದರಿಂದ ಬರುತ್ತದೆಂಬುದೇ ವೈದ್ಯಲೋಕಕ್ಕೆ ತಿಳಿದಿರಲಿಲ್ಲ. ರಾಬರ್ಟ್ ಕಾಖ್ ಅದರ ರೋಗಾಣುವನ್ನು ಕಂಡುಹಿಡಿದು ಬರ್ಲಿನ್ನಿನಲ್ಲಿ ಪ್ರಕಟಿಸಿದ್ದು 1882ರಲ್ಲಿ, ಅದಕ್ಕೆ ಕೆಲಸ ಮಾಡುವ ಔಷಧ ಬಂದದ್ದು ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ. ಹೆಂಡತಿಯನ್ನೂ ಮಗಳನ್ನೂ ಒಂದೇ ಕಾಯಿಲೆಯ ಕೈಗೆ ಒಪ್ಪಿಸಬೇಕಾಗಿ ಬಂದ ವೈದ್ಯರೊಬ್ಬರು ದೇವರ ಮುಂದೆ ಕೈಜೋಡಿಸುವುದರಲ್ಲಿ ಭಕ್ತಿ ಎಷ್ಟು, ಸೋಲು ಎಷ್ಟು ಎಂದು ಬೇರ್ಪಡಿಸಲಾಗದು. ತಂದೆಯ ಕಠೋರ ಧಾರ್ಮಿಕತೆಯ ಜೊತೆ ಮುಂಕ್‌ಗೆ ಜೀವನದುದ್ದಕ್ಕೂ ತಿಕ್ಕಾಟವಿತ್ತು. ಅಂಥವನು ಇಲ್ಲಿ ತಂದೆಯನ್ನು ಚಿತ್ರಿಸಿರುವ ರೀತಿಯಲ್ಲಿ ಕಹಿಯ ಎಳೆಯೂ ಇಲ್ಲವೆಂಬುದು ನನ್ನನ್ನು ಬಹಳವಾಗಿ ತಟ್ಟಿದ ಸಂಗತಿ.

ಬಣ್ಣಗಳಿಗೆ ಬರೋಣ. ಹಸಿರೂ ಕೆಂಪೂ ವರ್ಣಚಕ್ರದಲ್ಲಿ ಒಂದಕ್ಕೊಂದು ಎದುರಾದ ಬಣ್ಣಗಳು. ಅಕ್ಕಪಕ್ಕ ಇಟ್ಟರೆ ಪರಸ್ಪರ ಪ್ರಖರಗೊಳಿಸುತ್ತವೆ. ಹಸಿರು ಗೋಡೆಯೂ ಕೆಂಪು ಛಾಯೆಯ ನೆಲವೂ ಸೇರುವಲ್ಲಿ ಕಣ್ಣಿಗೆ ನೆಮ್ಮದಿಯಿಲ್ಲ, ಜ್ವರ ಬಂದಾಗ ನೋಡಿದ ಕೋಣೆಯ ಹಾಗೆ. ಬಣ್ಣವನ್ನು ಮುಂಕ್ ಉಬ್ಬುತಗ್ಗು ತೋರಿಸಲು ಬಳಸಿಲ್ಲ, ಹಾಸಾಗಿ ಹರಡಿದ್ದಾನೆ. ಈ ಎರಡು ಬಣ್ಣಗಳ ನಡುವೆ ಉಡುಪುಗಳ ಕಪ್ಪು ಇದೆ. ನೆಲವಂತೂ ಖಾಲಿ. ಮುಂದಿನ ಗುಂಪಿಗೂ ಕುರ್ಚಿಯ ಬಳಿಯವರಿಗೂ ನಡುವೆ ಹಾಗೇ ಬಿಟ್ಟ ಆ ಕೆಂಗಂದು ಜಾಗವನ್ನು ನಾನು ಈ ಚಿತ್ರದ ಎರಡನೆಯ ಸಂಕೇತವೆಂದು ಎಣಿಸುತ್ತೇನೆ. ನಾಲ್ಕು ಹೆಜ್ಜೆ ಹಾಕಿದರೆ ದಾಟಬಹುದಾದ ದೂರ, ಆದರೆ ಮುಂದಿರುವ ಮೂವರಲ್ಲಿ ಯಾರೂ ದಾಟುವುದಿಲ್ಲ. ಓರೆಯಾದ ನೆಲ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಕುರ್ಚಿಯತ್ತ ಹೋಗುವುದೆಂದರೆ ಏರು ಹತ್ತಬೇಕು. ಈ ಜೋಡಣೆ ರಂಗಸಜ್ಜಿಕೆಯಂತಿದೆ ಎಂದು ಅನೇಕರು ಹೇಳುವುದು ಸರಿಯೇ. ಮುಂದೆ 1906ರಲ್ಲಿ ನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ಬರ್ಲಿನ್ನಿನಲ್ಲಿ ಇಬ್ಸನ್ನನ ನಾಟಕವೊಂದಕ್ಕೆ ರಂಗವಿನ್ಯಾಸದ ಚಿತ್ರಗಳನ್ನು ಬರೆಯಲು ಮುಂಕ್‌ನನ್ನೇ ಕರೆಸಿಕೊಂಡದ್ದು ಆಕಸ್ಮಿಕವಲ್ಲ.

ಒಬ್ಬರ ನೋಟ ಇನ್ನೊಬ್ಬರ ನೋಟವನ್ನು ಸಂಧಿಸದ ಈ ಜೋಡಣೆಯಿಂದ ಇದು ಆಧುನಿಕ ಮನುಷ್ಯನ ಏಕಾಕಿತನದ ಚಿತ್ರವೆಂದು ತೀರ್ಮಾನಿಸುವ ಒಂದು ಓದು ಬಳಕೆಯಲ್ಲಿದೆ. ನಾನು ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಮುಖಗಳನ್ನು ಬಿಟ್ಟು ಮೈಗಳನ್ನು ನೋಡಬೇಕು. ಲಾರಾ, ಇಂಗರ್, ಎಡ್ವರ್ಡ್ ಮೂವರ ಕಪ್ಪು ಉಡುಪುಗಳು ಒಂದರೊಳಗೊಂದು ಸೇರಿಹೋಗಿವೆ. ಒಬ್ಬರದು ಎಲ್ಲಿ ಮುಗಿದು ಇನ್ನೊಬ್ಬರದು ಎಲ್ಲಿ ಶುರುವಾಗುತ್ತದೆಂದು ಹೇಳುವುದು ಕಷ್ಟ. ಕೂತವಳು ಕೆಳಗೆ ನೋಡುತ್ತಾಳೆ, ನಿಂತವಳು ನಮ್ಮತ್ತ ನೋಡುತ್ತಾಳೆ, ಹಿಂದಿರುವವನು ಕುರ್ಚಿಯತ್ತ ನೋಡುತ್ತಾನೆ: ಮೂರು ದಿಕ್ಕಿಗೆ ತಿರುಗಿದ ಮೂರು ಮುಖಗಳು, ಒಂದೇ ಕಪ್ಪು ಒಡಲು. ದುಃಖ ಅವರನ್ನು ಬೇರೆಮಾಡಿದೆ ಎಂಬುದೂ ನಿಜ, ಅವರು ಬೇರೆಯಾಗಲಾರರು ಎಂಬುದೂ ಅಷ್ಟೇ ನಿಜ. ಒಡಹುಟ್ಟಿದವರ ಶೋಕವನ್ನು ಇಷ್ಟು ಸರಿಯಾಗಿ ಹಿಡಿದ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ.

ಇಂಗರ್ ಒಬ್ಬಳೇ ಚೌಕಟ್ಟಿನಿಂದ ಹೊರಗೆ ನೋಡುವವಳು. ಹಿಂದಿನ ವರ್ಷ, 1892ರಲ್ಲಿ, ಮುಂಕ್ ಇದೇ ತಂಗಿಯ ಒಂದು ಭಾವಚಿತ್ರ ಬರೆದಿದ್ದ. ಅದರಲ್ಲೂ ಅವಳು ಕಡುಬಣ್ಣದ ಉಡುಪಿನಲ್ಲಿ, ಕೈಗಳನ್ನು ಮುಂದೆ ಸೇರಿಸಿಕೊಂಡು, ನೇರವಾಗಿ ನಿಂತಿದ್ದಾಳೆ. ಅಲ್ಲಿ ಆ ನಿಲುವಿನಲ್ಲಿ ಗಾಂಭೀರ್ಯವಿದೆ. ರೋಗಿಯ ಕೋಣೆಗೆ ಬಂದಾಗ ಅದೇ ನೇರ ನಿಲುವು ಬೇರೆಯಾಗುತ್ತದೆ. ಅವಳ ಮುಖ ಬಿಳಿಚಿ ಮುಖವಾಡದಂತಾಗಿದೆ, ಕಣ್ಣಂಚು ಕೆಂಪಾಗಿದೆ. ಅವಳ ನೋಟದಲ್ಲಿ ದೂರಾಗಲಿ ಬೇಡಿಕೆಯಾಗಲಿ ಇಲ್ಲ. ನಾವು ಅಲ್ಲಿದ್ದೇವೆಂಬುದು ಅವಳಿಗೆ ತಿಳಿದಿದೆಯೋ ಇಲ್ಲವೋ ಹೇಳಲಾಗದು. ಆದರೆ ನಮಗೆ ಮಾತ್ರ, ಅವಳ ಕಣ್ಣಿಗೆ ಬಿದ್ದ ಮೇಲೆ, ಬಾಗಿಲ ಹೊರಗಿನಿಂದ ಇಣುಕುವವರಾಗಿ ಉಳಿಯುವುದು ಆಗುವುದಿಲ್ಲ.

ಈ ಕುರ್ಚಿ ಮುಂಕ್‌ನ ಕಲೆಯಲ್ಲಿ ಕಾಣಿಸಿಕೊಳ್ಳುವುದು ಇದೇ ಮೊದಲಲ್ಲ. 1885ರಿಂದ 1886ರವರೆಗೆ ಅವನು 'ಕಾಯಿಲೆಯ ಮಗು' ಎಂಬ ಚಿತ್ರದೊಡನೆ ಹೋರಾಡಿದ. ಅದರಲ್ಲಿ ಕೆಂಗೂದಲ ಹುಡುಗಿಯೊಬ್ಬಳು ಕುರ್ಚಿಯಲ್ಲಿ ದಿಂಬಿಗೊರಗಿದ್ದಾಳೆ, ಪಕ್ಕದಲ್ಲಿ ಹೆಂಗಸೊಬ್ಬಳು ತಲೆ ಪೂರ್ತಿ ಬಾಗಿಸಿದ್ದಾಳೆ. ಅದಕ್ಕೂ ಮೂಲ ಸೋಫಿಯ ಸಾವೇ. ಬಣ್ಣ ಹಚ್ಚಿ, ಕೆರೆದು, ಮತ್ತೆ ಹಚ್ಚಿ, ಮತ್ತೆ ಕೆರೆದು ಮುಗಿಸಿದ ಆ ಚಿತ್ರದ ಮೈಮೇಲೆ ಗೀರುಗಳು ಹಾಗೆಯೇ ಉಳಿದಿವೆ. 1886ರಲ್ಲಿ ಪ್ರದರ್ಶನಕ್ಕಿಟ್ಟಾಗ ಅದು ಮುಗಿಯದ ಕೆಲಸವೆಂದು ಕ್ರಿಸ್ತಿಯಾನಿಯಾ ನಗರದ, ಅಂದರೆ ಇಂದಿನ ಓಸ್ಲೋದ, ವಿಮರ್ಶಕರು ಹರಿಹಾಯ್ದರು. ಅಲ್ಲಿ ಹುಡುಗಿಯ ಮುಖವೇ ಚಿತ್ರದ ಜೀವ. ದಿಂಬಿನ ಬಿಳುಪಿನೆದುರು ಆ ಪಾರ್ಶ್ವಮುಖ ಬೆಳಕಿನಿಂದಲೇ ಆದಂತಿದೆ. ಮುಖವನ್ನು ಹಿಡಿಯಲು ಅಷ್ಟು ಕೆರೆದವನು ಏಳು ವರ್ಷಗಳ ನಂತರ ಕುರ್ಚಿಯನ್ನೇ ಆಚೆಗೆ ತಿರುಗಿಸಿಬಿಟ್ಟ. ಇದನ್ನು ನಾನು ಸೋತು ಕೈಬಿಟ್ಟದ್ದೆಂದು ಓದುವುದಿಲ್ಲ. ಮೊದಲ ಚಿತ್ರದಲ್ಲಿ ಅವನು ಬರೆದದ್ದು ಸೋಫಿಯನ್ನು, ಎರಡನೆಯದರಲ್ಲಿ ಅವಳಿಲ್ಲದವರನ್ನು. ಅವಳ ಮುಖ ಕಂಡರೆ ನಮ್ಮ ಕಣ್ಣು ಅಲ್ಲೇ ನಿಲ್ಲುತ್ತದೆ. ಅದು ಕಾಣದ್ದರಿಂದ ಕಣ್ಣು ಒಬ್ಬೊಬ್ಬರ ಮುಖಕ್ಕೂ ಹೋಗಿ ಬರುತ್ತದೆ. ಸೋಫಿ ಪ್ರಾಣಬಿಟ್ಟ ಆ ಬೆತ್ತದ ಕುರ್ಚಿಯನ್ನು ಮುಂಕ್ 1944ರಲ್ಲಿ ತಾನು ಸಾಯುವವರೆಗೂ ಇಟ್ಟುಕೊಂಡಿದ್ದ.

1902ರಲ್ಲಿ ಬರ್ಲಿನ್ನಿನಲ್ಲಿ ತನ್ನ ಚಿತ್ರಗಳನ್ನು ಪ್ರೇಮದ ಹುಟ್ಟು, ಪ್ರೇಮದ ಅರಳುವಿಕೆ ಮತ್ತು ಅಳಿವು, ಬದುಕಿನ ಭಯ, ಸಾವು ಎಂದು ನಾಲ್ಕು ಗೋಡೆಗಳ ಮೇಲೆ ಸಾಲಾಗಿ ತೂಗುಹಾಕಿದಾಗ ಮುಂಕ್ ಇದನ್ನು ಕೊನೆಯ ಗೋಡೆಗೆ ಇರಿಸಿದ. ಅದೊಂದು ಸುಸಂಬದ್ಧ ಯೋಜನೆ ನಿಜ, ಆದರೂ ಈ ಚಿತ್ರ ತನ್ನ ಅರ್ಥಕ್ಕಾಗಿ ಆ ಸಾಲನ್ನು ಅವಲಂಬಿಸಿಲ್ಲ. ಅದಕ್ಕಿಂತ ಹೆಚ್ಚು ಹೇಳುವುದು 1896ರಲ್ಲಿ ಅವನು ಇದೇ ದೃಶ್ಯವನ್ನಿಟ್ಟುಕೊಂಡು ಮಾಡಿದ ಕಲ್ಲಚ್ಚು, ಅಂದರೆ ಲಿಥೋಗ್ರಾಫ್. ಹಸಿರಿಲ್ಲ, ಕೆಂಪಿಲ್ಲ, ಕಪ್ಪು ಬಿಳುಪು ಅಷ್ಟೇ. ವರ್ಣಚಿತ್ರದ ಜ್ವರ ಇಳಿದು, ಆಕೃತಿಗಳ ಗಟ್ಟಿ ಕಪ್ಪು ಮಾತ್ರ ಉಳಿದಿದೆ. ಚಿತ್ರಕ್ಕೂ ಈ ಅಚ್ಚಿಗೂ ನಡುವೆ, 1895ರ ಡಿಸೆಂಬರಿನಲ್ಲಿ, ತಮ್ಮ ಆಂದ್ರೆಯಾಸ್ ನ್ಯುಮೋನಿಯಾದಿಂದ ತೀರಿಕೊಂಡಿದ್ದ. 1893ರಲ್ಲಿ ಬದುಕಿದ್ದು ಸೋಫಿಗಾಗಿ ಶೋಕಿಸುತ್ತಿದ್ದವನು 1896ರಲ್ಲಿ ಶೋಕಿಸಲ್ಪಡುವವರ ಸಾಲಿಗೆ ಸೇರಿದ್ದ. ಏಳು ಜನರ ಆ ಕೋಣೆಯಲ್ಲಿ ಸತ್ತವರು ಈಗ ಇಬ್ಬರಲ್ಲ, ಮೂವರು. ಹೊಸ ಸಾವಿಗಾಗಿ ಮುಂಕ್ ಹೊಸ ಚಿತ್ರ ಹೂಡಲಿಲ್ಲ, ತಮ್ಮನನ್ನು ಆ ಕೋಣೆಯಿಂದ ತೆಗೆಯಲೂ ಇಲ್ಲ. ಇರುವ ಕೋಣೆಯನ್ನೇ ಇನ್ನೊಮ್ಮೆ ಕಲ್ಲಿನ ಮೇಲೆ ಬರೆದ.